ಹಾಸಿಗೆಯ ಒಂದು ಮೂಲೆ ಹಿಡಿಯಿರಿ

ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶ
ಓದಬೇಕಾದ ವಾಕ್ಯಭಾಗಗಳು: ಯೋಹಾನ 9:1-7, 2 ಅರಸುಗಳು 20:1-7, ಗಲಾತ್ಯ 6:2-5, ಮಾರ್ಕ 2:1-12, 2 ಸಮುವೇಲ 9

ಈ ಸಾಯಂಕಾಲ ಆಫೀಸು, ಕಾಲೇಜು, ಟ್ರಾಫಿಕ್ ಎಲ್ಲ ದಾಟಿ ಬಂದಿದ್ದೀರಿ. ದೇವರಿಗೆ ಸ್ತೋತ್ರ. ಇವತ್ತು ಪಾಠದ ರೀತಿಯಲ್ಲಿ ನಿಧಾನವಾಗಿ ಹೋಗೋಣ. ಬೈಬಲ್ ಜೊತೆ ಒಂದು ನೋಟ್‌ಬುಕ್ ಕೂಡ ತೆರೆದಿಡಿ.

ನಮ್ಮ ಸಭೆಯ ಒಂದು ಕುಟುಂಬದಲ್ಲಿ ಪುಟ್ಟ ಮಗುವಿಗೆ ಕಾಲಿನ ಆಪರೇಷನ್ ಇದೆ. ಅಪ್ಪ ಅಮ್ಮನ ಅನುಮತಿ ಪಡೆದೇ ಮಾತಾಡ್ತಿದ್ದೇನೆ. ಹೆಸರು ಹೇಳೋದಿಲ್ಲ, ಗೊತ್ತಿರೋರು ದಯವಿಟ್ಟು ತಿರುಗಿ ನೋಡಬೇಡಿ. ನಮ್ಮ ಮೊಣಕಾಲಿನ ಕೆಳಗೆ ಎರಡು ಮೂಳೆ ಇರುತ್ತೆ. ದಪ್ಪದ್ದು ಟಿಬಿಯಾ, ತೆಳುವಾದದ್ದು ಫಿಬ್ಯುಲಾ. ಈ ಮಗುವಿಗೆ ಒಂದು ಕಾಲಿನಲ್ಲಿ ಆ ತೆಳುವಾದ ಮೂಳೆ ಹುಟ್ಟಿನಿಂದಲೇ ಇಲ್ಲ. ಫಿಬ್ಯುಲರ್ ಹೆಮಿಮೀಲಿಯಾ ಅಂತಾರೆ. ಕಾಲು ಗಿಡ್ಡ, ಹಿಮ್ಮಡಿ ನಿಲ್ಲೋದಿಲ್ಲ, ಪಾದಕ್ಕೆ ದೇಹದ ತೂಕ ಹೊರೋ ಬಲ ಇಲ್ಲ.

ತೀವ್ರವಾಗಿದ್ದಾಗ ಡಾಕ್ಟರ್‌ಗಳು ಸಾಮಾನ್ಯವಾಗಿ ಎರಡು ದಾರಿ ತೋರಿಸ್ತಾರೆ. ಒಂದು, ಮೂಳೆಯನ್ನು ಕತ್ತರಿಸಿ, ಹೊರಗಿನಿಂದ ಫ್ರೇಮ್ ಹಾಕಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಉದ್ದ ಮಾಡೋದು. ಒಂದು ಸೆಂಟಿಮೀಟರ್ ಸಿಕ್ಕಬೇಕಾದರೆ ಫ್ರೇಮ್ ಒಂದು ತಿಂಗಳೋ ಅದಕ್ಕಿಂತ ಹೆಚ್ಚೋ ಇರಬೇಕು. ಮಗು ಬೆಳೆಯುವವರೆಗೆ ಇದನ್ನು ಎರಡು ಮೂರು ಸಲ ಮಾಡಬೇಕಾಗಬಹುದು. ಇನ್ನೊಂದು, ಹಿಮ್ಮಡಿಯ ಹತ್ತಿರ ಪಾದವನ್ನು ತೆಗೆದು ಕೃತಕ ಕಾಲು ಜೋಡಿಸೋದು. ಹೀಗೆ ಮಾಡಿದ ಮಕ್ಕಳು ಬೇಗ ನಡೀತಾರೆ, ಓಡ್ತಾರೆ. ಆದರೆ ಬೆಳೆದ ಹಾಗೆಲ್ಲ ಆ ಕೃತಕ ಕಾಲನ್ನು ಬದಲಾಯಿಸ್ತಾ ಇರಬೇಕು.

ಆ ಅಪ್ಪ ಅಮ್ಮ ಎರಡು ಕಡೆ ಅಭಿಪ್ರಾಯ ಕೇಳಿದರು, ಉಪವಾಸವಿದ್ದು ಪ್ರಾರ್ಥಿಸಿದರು, ಅತ್ತರು. ಕೊನೆಗೆ ಎರಡನೇ ದಾರಿ ಆರಿಸಿಕೊಂಡರು. ಇದು ತಿಳಿದ ಮೇಲೆ ನಿಮ್ಮಲ್ಲಿ ಕೆಲವರು ನನ್ನ ಹತ್ತಿರ ಬಂದು ಕೇಳಿದಿರಿ: "ಪಾಸ್ಟರ್, ಇನ್ನೂ ಸ್ವಲ್ಪ ನಂಬಿಕೆಯಿಂದ ಕಾಯಬಹುದಿತ್ತಲ್ವಾ?" ಪ್ರೀತಿಯಿಂದಲೇ ಕೇಳಿದಿರಿ, ಗೊತ್ತು. ಆದರೆ ಇದೇ ಮಾತು ಆ ತಾಯಿಯ ಕಿವಿಗೆ ಬಿದ್ದರೆ ಅವರು ಮುಂದಿನ ಭಾನುವಾರ ಸಭೆಗೆ ಬರ್ತಾರಾ? ಅದಕ್ಕೇ ಈ ಸಂದೇಶ.

1. ಕಾರಣ ಹುಡುಕುವುದನ್ನು ನಿಲ್ಲಿಸಿರಿ

ಯೋಹಾನ 9. ಹುಟ್ಟು ಕುರುಡನನ್ನು ನೋಡಿದ ಕೂಡಲೇ ಶಿಷ್ಯರ ಬಾಯಲ್ಲಿ ಬಂದ ಮೊದಲ ಮಾತು ಏನು? ಪಾಪ ಮಾಡಿದ್ದು ಇವನೋ, ಇವನ ಹೆತ್ತವರೋ ಅಂತ. ಆ ಮನುಷ್ಯ ಅಲ್ಲೇ ಕೂತಿದ್ದಾನೆ. ಕಣ್ಣು ಕಾಣದಿರಬಹುದು, ಕಿವಿ ಕೇಳುತ್ತಲ್ವಾ? ಯೇಸು ಸ್ವಾಮಿ ಆ ಪ್ರಶ್ನೆಯನ್ನೇ ಒಪ್ಪಲಿಲ್ಲ. ಇವನೂ ಅಲ್ಲ, ಇವನ ತಂದೆ ತಾಯಿಯೂ ಅಲ್ಲ ಅಂದರು. ದೇವರ ಕ್ರಿಯೆ ಇವನಲ್ಲಿ ಕಾಣಬೇಕು ಅಂದರು. ಅವರು ಹಿಂದಿನ ಕಾರಣಕ್ಕೆ ಹೋಗಲಿಲ್ಲ, ಮುಂದೆ ಮಾಡಬೇಕಾದ ಕೆಲಸಕ್ಕೆ ಕೈ ಹಾಕಿದರು.

ನಮ್ಮ ಊರಲ್ಲಿ ಇಂಥ ಮಗು ಹುಟ್ಟಿದರೆ ಮನೆಯವರು ಕೇಳೋದು: "ಗ್ರಹಣದ ದಿನ ಹೊರಗೆ ಹೋಗಿದ್ಯಾ? ತರಕಾರಿ ಹೆಚ್ಚಿದ್ಯಾ?" ನಾವು ವಿಶ್ವಾಸಿಗಳು ಅದನ್ನು ಮೂಢನಂಬಿಕೆ ಅಂತ ನಗ್ತೀವಿ. ಆಮೇಲೆ ನಾವೇ ಕೇಳ್ತೀವಿ: "ವಂಶದಲ್ಲಿ ಏನಾದ್ರೂ ಶಾಪ ಇದೆಯಾ ಬ್ರದರ್?" ಪದ ಬದಲಾಯ್ತು, ಪ್ರಶ್ನೆ ಅದೇ.

ಕೈಕಾಲುಗಳು ರೂಪಗೊಳ್ಳೋದು ಗರ್ಭದ ಸುಮಾರು ನಾಲ್ಕರಿಂದ ಎಂಟನೇ ವಾರದೊಳಗೆ. ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಅಂತ ಗೊತ್ತಾಗೋದೇ ಆ ಹೊತ್ತಿಗೆ. ಈ ಮೂಳೆಯ ಕೊರತೆ ಹೆಚ್ಚಿನವರಲ್ಲಿ ವಂಶದಿಂದ ಬರೋದಿಲ್ಲ, ತಾಯಿ ಏನೋ ತಿಂದಳು ಅಂತಲೂ ಬರೋದಿಲ್ಲ. ಇದನ್ನು ಆ ತಾಯಿಗೆ ಡಾಕ್ಟರ್ ಹೇಳಿದ್ದಾರೆ. ಸಭೆಯೂ ಹೇಳಬೇಕು. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಆಕೆಗೆ ನೆನಪಾಗಬೇಕಾದದ್ದು ನಮ್ಮ ಅನುಮಾನ ಅಲ್ಲ, ಕರ್ತನು ಕೊಟ್ಟ ಉತ್ತರ.

ಅದೇ ಅಧ್ಯಾಯದ 18ನೇ ವಚನದಿಂದ ಮುಂದೆ ಓದಿ. ಕಣ್ಣು ಬಂದ ಮೇಲೂ ಫರಿಸಾಯರು ಆ ಅಪ್ಪ ಅಮ್ಮನನ್ನು ಕರೆಸಿ ವಿಚಾರಣೆ ಮಾಡ್ತಾರೆ. ಅವರು ಹೆದರಿ ಹೆದರಿ ಅಳೆದು ಮಾತಾಡ್ತಾರೆ. ಆರಾಧನೆ ಮುಗಿದ ಮೇಲೆ ನಮ್ಮ ವರಾಂಡದಲ್ಲಿ ಯಾವ ಅಪ್ಪ ಅಮ್ಮನೂ ಹಾಗೆ ಮಾತಾಡೋ ಪರಿಸ್ಥಿತಿ ಬರಬಾರದು. ಆಮೆನ್?

2. ಪ್ರಾರ್ಥನೆಗೂ ಆಪರೇಷನ್‌ಗೂ ಜಗಳ ಇಲ್ಲ

ನಾವು ಪೆಂತೆಕೊಸ್ತ್ ಜನ. ಯೇಸು ಇಂದಿಗೂ ಸ್ವಸ್ಥ ಮಾಡ್ತಾರೆ ಅಂತ ನಂಬ್ತೀವಿ, ಅದರಲ್ಲಿ ಒಂದಿಂಚೂ ಹಿಂದೆ ಹೋಗೋದಿಲ್ಲ. ಆ ಮಗುವಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದೀವಿ, ಇನ್ನೂ ಪ್ರಾರ್ಥಿಸ್ತೀವಿ. ಹಲ್ಲೆಲೂಯ!

ಈಗ 2 ಅರಸುಗಳು 20 ನೋಡಿ. ಹಿಜ್ಕೀಯ ಸಾಯೋ ಸ್ಥಿತಿಯಲ್ಲಿದ್ದಾನೆ. ಗೋಡೆ ಕಡೆ ತಿರುಗಿ ಅಳ್ತಾ ಪ್ರಾರ್ಥಿಸ್ತಾನೆ. ದೇವರು ಪ್ರಾರ್ಥನೆ ಕೇಳಿ ಇನ್ನೂ 15 ವರ್ಷ ಆಯಸ್ಸು ಕೊಡ್ತಾರೆ. ವಾಗ್ದಾನ ಬಂದಾಯ್ತು. ಆಮೇಲೆ ಯೆಶಾಯ ಏನು ಹೇಳ್ತಾನೆ? ಅಂಜೂರದ ಹಣ್ಣಿನ ಉಂಡೆ ತನ್ನಿ ಅಂತಾನೆ. ಹುಣ್ಣಿನ ಮೇಲೆ ಅದನ್ನು ಕಟ್ತಾರೆ, ಅರಸ ಗುಣವಾಗ್ತಾನೆ. ಅಂಜೂರ ಕಟ್ಟಿದ್ದು ಅವಿಶ್ವಾಸವಾ? ವಾಗ್ದಾನ ಕೊಟ್ಟ ದೇವರೇ ಅಂಜೂರವನ್ನೂ ಉಪಯೋಗಿಸಿದರು. ಪೌಲನ ಜೊತೆ ಊರೂರು ಸುತ್ತಿದ ಲೂಕನು ವೈದ್ಯನಾಗಿದ್ದ ಅನ್ನೋದನ್ನೂ ಮರೀಬೇಡಿ.

ಅದಕ್ಕೇ ಆಪರೇಷನ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಅಪ್ಪನ ಕೈ ನಡುಗಿದರೆ, ಅದು ನಂಬಿಕೆ ಸತ್ತಿರೋ ಕೈ ಅಲ್ಲ. ಪ್ರೀತಿಸೋ ಕೈ ಅದು. ಆ ಕೈಯನ್ನು ನಾವು ಹಿಡೀಬೇಕು.

3. ಯಾವುದು ಅವರ ಹೊರೆ, ಯಾವುದು ನಮ್ಮ ಭಾರ

ಗಲಾತ್ಯ 6ರಲ್ಲಿ ಪೌಲನು 2ನೇ ವಚನದಲ್ಲಿ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕು ಅಂತಾನೆ. 5ನೇ ವಚನದಲ್ಲಿ ಪ್ರತಿಯೊಬ್ಬನು ತನ್ನದನ್ನು ತಾನೇ ಹೊರಬೇಕು ಅಂತಾನೆ. ಏನಿದು, ಒಂದಕ್ಕೊಂದು ವಿರುದ್ಧ ಅನ್ನಿಸುತ್ತಲ್ವಾ? ಗ್ರೀಕ್‌ನಲ್ಲಿ ಎರಡು ಬೇರೆ ಪದ ಇದೆ. 2ನೇ ವಚನದಲ್ಲಿ ಬಾರೊಸ್, ಅಂದರೆ ಮನುಷ್ಯನನ್ನು ಕುಸಿಯುವಂತೆ ಮಾಡೋ ತೂಕ. 5ನೇ ವಚನದಲ್ಲಿ ಫೋರ್ತಿಯೊನ್, ಅಂದರೆ ಒಬ್ಬನು ಹೊತ್ತು ನಡೆಯೋ ತನ್ನ ಸ್ವಂತ ಗಂಟು.

ಯಾವ ಚಿಕಿತ್ಸೆ ಅನ್ನೋ ನಿರ್ಧಾರ ಆ ಅಪ್ಪ ಅಮ್ಮನ ಗಂಟು. ದೇವರು ಆ ಮಗುವನ್ನು ಅವರ ಕೈಗೆ ಕೊಟ್ಟಿದ್ದಾರೆ, ಉತ್ತರ ಕೊಡಬೇಕಾದವರು ಅವರು. ಅದನ್ನು ಬಿಚ್ಚಿ ನೋಡಿ "ಹೀಗಲ್ಲ, ಹಾಗೆ" ಅನ್ನೋ ಅಧಿಕಾರ ನನಗೂ ಇಲ್ಲ, ನಿಮಗೂ ಇಲ್ಲ. ಯೂಟ್ಯೂಬ್ ವಿಡಿಯೋ ಕಳಿಸಬೇಡಿ. "ನಮ್ಮ ಕಡೆ ಒಬ್ಬ ನಾಟಿ ವೈದ್ಯರಿದ್ದಾರೆ" ಅನ್ನಬೇಡಿ.

ಆದರೆ ಭಯ, ಖರ್ಚು, ಓಡಾಟ, ನಿದ್ದೆಗೆಟ್ಟ ರಾತ್ರಿ, ರಜೆ ಸಿಗದ ಕೆಲಸ, ಮನೆಯಲ್ಲಿ ಬಿಟ್ಟುಬಂದ ದೊಡ್ಡ ಮಗು, ಇವೆಲ್ಲ ಬಾರೊಸ್. ಇದು ನಮ್ಮದು. ನಾವು ಇದನ್ನು ತಿರುಗುಮುರುಗು ಮಾಡ್ತೀವಿ: ನಿರ್ಧಾರದಲ್ಲಿ ಮೂಗು ತೂರಿಸ್ತೀವಿ, ಭಾರವನ್ನು ಅವರಿಗೇ ಬಿಡ್ತೀವಿ.

4. ನಾಲ್ಕು ಜನ, ನಾಲ್ಕು ಮೂಲೆ

ಮಾರ್ಕ 2. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದರು. ಜನಸಂದಣಿ, ಬಾಗಿಲಲ್ಲಿ ಜಾಗ ಇಲ್ಲ. ಮೇಲೆ ಹತ್ತಿ ಚಾವಣಿ ಬಿಚ್ಚಿ ಹಾಸಿಗೆ ಸಮೇತ ಇಳಿಸಿದರು. 5ನೇ ವಚನಕ್ಕೆ ಗೆರೆ ಎಳೆಯಿರಿ. ಯೇಸು ನೋಡಿದ್ದು ಆ ಹೊತ್ತು ತಂದವರ ನಂಬಿಕೆಯನ್ನು. ನಂಬಿಕೆ ಕಣ್ಣಿಗೆ ಕಾಣುತ್ತಾ? ಅಲ್ಲಿ ಕಾಣಿಸ್ತು. ಬೆವರಿದ ಹಣೆ, ಮಣ್ಣಾದ ಕೈ, ತಲೆ ಮೇಲೆ ಒಂದು ತೂತು. ಆ ನಾಲ್ಕು ಜನ ಒಂದು ಮಾತೂ ಆಡಿದ್ದು ಬರೆದಿಲ್ಲ. ಒಬ್ಬೊಬ್ಬರು ಒಂದೊಂದು ಮೂಲೆ ಬಿಡದೆ ಹಿಡಿದಿದ್ದರು, ಅಷ್ಟೇ. ಒಬ್ಬ ಕೈ ಬಿಟ್ಟಿದ್ದರೂ ರೋಗಿ ಜಾರಿ ಬೀಳುತ್ತಿದ್ದ.

ಹಾಗಾದರೆ ನಮ್ಮ ಮೂಲೆ ಯಾವುದು? ಬರೆದುಕೊಳ್ಳಿ.

ಮೊದಲನೇ ಮೂಲೆ, ಕಾಗದ ಪತ್ರ. ನಿಮ್ಮಲ್ಲಿ ಅರ್ಧ ಜನ ಐಟಿಯಲ್ಲಿದ್ದೀರಿ. ಫಾರ್ಮ್ ತುಂಬೋದು ನಿಮಗೆ ಹತ್ತು ನಿಮಿಷದ ಕೆಲಸ, ಆ ಅಪ್ಪನಿಗೆ ಎರಡು ದಿನದ ಕೆಲಸ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತುರ್ತು ಅಲ್ಲದ ಆಪರೇಷನ್‌ಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅದನ್ನು ಮೊದಲೇ ಮಾಡಿಸಿ. ಕಂಪನಿ ಇನ್ಶೂರೆನ್ಸ್ ಇದ್ದರೆ ಪಾಲಿಸಿಯಲ್ಲಿ "ಎಕ್ಸ್‌ಟರ್ನಲ್ ಕಂಜೆನಿಟಲ್" ಅನ್ನೋ ಪದ ಹುಡುಕಿ. ಹುಟ್ಟಿನಿಂದ ಬಂದ, ಹೊರಗೆ ಕಾಣೋ ತೊಂದರೆಯನ್ನು ಎಷ್ಟೋ ಪಾಲಿಸಿಗಳು ಹೊರಗಿಡ್ತವೆ. ಅಡ್ಮಿಟ್ ಆಗೋ ದಿನ ಕೌಂಟರ್‌ನಲ್ಲಿ ಇದು ಗೊತ್ತಾಗಬಾರದು. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಿಸಿ. ಶೇಕಡ 40 ಅಥವಾ ಹೆಚ್ಚು ಅಂತ ಪ್ರಮಾಣಪತ್ರ ಸಿಕ್ಕರೆ, ಹಳೇ ತೆರಿಗೆ ಪದ್ಧತಿಯಲ್ಲಿರೋ ಪೋಷಕರಿಗೆ 75,000 ರೂಪಾಯಿ ಕಡಿತ ಸಿಗುತ್ತೆ.

ಎರಡನೇ ಮೂಲೆ, ಹಣ. ಸಂಗ್ರಹಿಸೋದಾದರೆ ಸಭೆಯ ಇಬ್ಬರು ಹಿರಿಯರ ಲೆಕ್ಕದಲ್ಲಿ ಆಗಲಿ. ಮಗುವಿನ ಕಾಲಿನ ಫೋಟೋ ಯಾವ ಗ್ರೂಪಿಗೂ ಹಾಕಬೇಡಿ. ನಾಳೆ ಆ ಮಗು ದೊಡ್ಡದಾಗಿ ಇದೇ ಕೂಟದಲ್ಲಿ ಕೂರುತ್ತೆ. ಕೊಟ್ಟವರು ಕೊಟ್ಟದ್ದನ್ನು ಮರೆತುಬಿಡಿ.

ಮೂರನೇ ಮೂಲೆ, ಮನೆ ಮತ್ತು ಆಸ್ಪತ್ರೆ. "ಏನಾದ್ರೂ ಬೇಕಿದ್ರೆ ಹೇಳಿ ಅಕ್ಕ" ಅಂತ ಹೇಳಿ ಹೊರಟುಬಿಡ್ತೀವಿ. ಅಕ್ಕ ಹೇಳೋದಿಲ್ಲ, ಸಂಕೋಚ. ಹೀಗೆ ಹೇಳಿ: "ಅಕ್ಕ, ಮಂಗಳವಾರ ರಾತ್ರಿ ಊಟ ನಾನು ತರ್ತೀನಿ. ಚಪಾತಿನಾ, ಮುದ್ದೆನಾ?" ದೊಡ್ಡ ಮಗುವನ್ನು ಸ್ಕೂಲಿಗೆ ಬಿಡೋರು ಯಾರು, ಡಿಸ್ಚಾರ್ಜ್ ದಿನ ಕಾರು ತರೋರು ಯಾರು, ಹೆಸರು ಬರೀರಿ. ಆಸ್ಪತ್ರೆಯವರು ರಕ್ತ ಕೇಳಿದರೆ ಸಿದ್ಧವಾಗಿರಿ: 18 ವರ್ಷ ದಾಟಿರಬೇಕು, ತೂಕ 45 ಕೆಜಿ ಇರಬೇಕು, ಹಿಂದೆ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು.

ನಾಲ್ಕನೇ ಮೂಲೆ, ಪ್ರಾರ್ಥನೆ. ಆಪರೇಷನ್ ನಡೆಯೋ ಹೊತ್ತಿಗೆ ಸರಪಳಿ ಪ್ರಾರ್ಥನೆ ಇರಲಿ. ಡಾಕ್ಟರ್‌ಗಾಗಿ, ಅನಸ್ತೇಶಿಯಾ ಕೊಡೋರಿಗಾಗಿ, ನರ್ಸ್‌ಗಳಿಗಾಗಿ ಪ್ರಾರ್ಥಿಸಿ. ಆಸ್ಪತ್ರೆಗೆ ಹೋದರೆ ಹತ್ತು ನಿಮಿಷ ಸಾಕು. ಅಳೋರ ಜೊತೆ ಅಳೋದು ಕೂಡ ಬೈಬಲ್ ಪ್ರಕಾರ ಸೇವೆಯೇ, ರೋಮಾಪುರ 12:15.

5. ಆಪರೇಷನ್ ಆದ ಮೇಲೆ ಶುರುವಾಗೋದು

ಮೊದಲ ವಾರ ಎಲ್ಲರೂ ಬರ್ತಾರೆ. ಮೂರನೇ ತಿಂಗಳು? ಗಾಯ ಒಣಗಿ, ಅಳತೆ ತೆಗೆದು, ಕೃತಕ ಕಾಲು ಮಾಡಿ, ಅದರಲ್ಲಿ ನಿಲ್ಲೋಕೆ ಕಲೀಬೇಕು. ಬೆಂಗಳೂರಿನ ಜೆ.ಪಿ. ನಗರದಲ್ಲಿ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಈ ಕೆಲಸ ಮಾಡ್ತವೆ. ಅಲ್ಲಿಗೆ ಮತ್ತೆ ಮತ್ತೆ ಹೋಗಬೇಕು, ವರ್ಷಗಟ್ಟಲೆ.

2 ಸಮುವೇಲ 4:4 ಪ್ರಕಾರ ಮೆಫೀಬೋಶೆತನು ಐದು ವರ್ಷದವನಿದ್ದಾಗ, ದಾದಿ ಎತ್ತಿಕೊಂಡು ಓಡುವಾಗ ಬಿದ್ದು ಎರಡೂ ಕಾಲು ಕುಂಟಾದವು. 9ನೇ ಅಧ್ಯಾಯದಲ್ಲಿ ದಾವೀದ ಅವನನ್ನು ಕರೆಸ್ತಾನೆ. ನಾವೆಲ್ಲ ರಾಜನ ಪಂಕ್ತಿಯ ಊಟವನ್ನೇ ನೆನಪಿಟ್ಟುಕೊಳ್ತೀವಿ. ಆದರೆ 7ರಿಂದ 10ನೇ ವಚನ ಗಮನಿಸಿ. ದಾವೀದ ಅಜ್ಜನ ಜಮೀನನ್ನು ವಾಪಸ್ ಕೊಡಿಸಿದ. ಅದನ್ನು ಉಳೋಕೆ ಚೀಬನನ್ನೂ ಅವನ 15 ಗಂಡುಮಕ್ಕಳನ್ನೂ 20 ಆಳುಗಳನ್ನೂ ನೇಮಿಸಿದ. ಒಂದು ದಿನದ ಕನಿಕರ ಅಲ್ಲ ಅದು, ವರ್ಷ ವರ್ಷಕ್ಕೂ ನಡೆಯೋ ಏರ್ಪಾಡು. ಅಧ್ಯಾಯದ ಕೊನೆಯ ವಚನ ಅವನ ಎರಡೂ ಕಾಲು ಕುಂಟಾಗಿದ್ದವು ಅಂತಲೇ ಮುಗಿಯುತ್ತೆ. ಕಾಲು ಹಾಗೇ ಇತ್ತು. ಮೇಜಿನ ಬಳಿ ಜಾಗವೂ ಹಾಗೇ ಇತ್ತು.

ವೆಲ್ಲೂರು ಸಿಎಂಸಿಯ ಡಾಕ್ಟರ್ ಮೇರಿ ವರ್ಗೀಸ್ ಗೊತ್ತಾ? 1954ರಲ್ಲಿ ಅಪಘಾತವಾಗಿ ಅವರ ಸೊಂಟದ ಕೆಳಗಿನ ಶಕ್ತಿ ಹೋಯಿತು, ಮತ್ತೆ ಬರಲಿಲ್ಲ. ವೀಲ್‌ಚೇರ್‌ನಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. ಆಮೇಲೆ ಅದೇ ಆಸ್ಪತ್ರೆಯ ಪುನರ್ವಸತಿ ವಿಭಾಗವನ್ನು ನಡೆಸಿದರು. ಇದು ಸಾಕ್ಷಿ ಅಲ್ವಾ? ನಮ್ಮ ವೇದಿಕೆಯಲ್ಲಿ ಎದ್ದು ನಡೆದವರ ಸಾಕ್ಷಿಗೂ ಜಾಗ ಇರಲಿ, ಕೂತೇ ಸೇವೆ ಮಾಡಿದವರ ಸಾಕ್ಷಿಗೂ ಜಾಗ ಇರಲಿ.

ಸಂಡೇ ಸ್ಕೂಲ್ ಟೀಚರ್‌ಗಳೇ, ಬೇರೆ ಮಕ್ಕಳು "ಇದ್ಯಾಕೆ ಹೀಗಿದೆ?" ಅಂತ ಕೇಳೇ ಕೇಳ್ತಾರೆ. ಶ್‌ ಅಂತ ಬಾಯಿ ಮುಚ್ಚಿಸಬೇಡಿ. "ಇದು ಓಡೋದಕ್ಕೆ ಮಾಡಿಸಿದ ಕಾಲು, ಬನ್ನಿ ಆಟ ಆಡೋಣ" ಅನ್ನಿ. ಮಕ್ಕಳಿಗೆ ಅಷ್ಟು ಸಾಕು. ಕ್ಲಾಸು ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅದನ್ನು ಕೆಳಗೆ ತರೋಣ ಅಂತ ಹಿರಿಯರ ಹತ್ತಿರ ಮಾತಾಡಿದ್ದೇನೆ. ಬೆಂಚು ಹೊರೋಕೆ ನೀವು ಬನ್ನಿ.

ಗುಂಪಿನಲ್ಲಿ ಚರ್ಚಿಸಲು

1. ಕಷ್ಟದಲ್ಲಿರೋರಿಗೆ ನಾವು ಸಾಮಾನ್ಯವಾಗಿ ಹೇಳೋ ಯಾವ ಮಾತು ಯೋಹಾನ 9:2ರ ಪ್ರಶ್ನೆಯ ಹಾಗಿದೆ?
2. ನಿಮಗೆ ಗೊತ್ತಿರೋ ಒಂದು ಕುಟುಂಬದಲ್ಲಿ ಯಾವುದು ಅವರ ಗಂಟು, ಯಾವುದು ನಾವು ಹೊರಬೇಕಾದ ಭಾರ? ಹೆಸರು ಹೇಳದೆ ಯೋಚಿಸಿ.
3. ನಾಲ್ಕು ಮೂಲೆಗಳಲ್ಲಿ ನಿಮ್ಮದು ಯಾವುದು? ಎಷ್ಟು ತಿಂಗಳು ಹಿಡೀತೀರಿ?

ಎದ್ದು ನಿಂತು ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ಆ ಪುಟ್ಟ ಮಗುವನ್ನು ನಿಮ್ಮ ಕೈಗೆ ಒಪ್ಪಿಸ್ತೇವೆ. ತಾಯಿಯ ಗರ್ಭದಲ್ಲೇ ಅದನ್ನು ಬಲ್ಲವರು ನೀವು. ಆಪರೇಷನ್ ಕೊಠಡಿಯಲ್ಲಿ ನೀವಿರಿ, ಡಾಕ್ಟರ್‌ಗಳ ಕೈಯನ್ನು ನಡೆಸಿರಿ. ಅಪ್ಪ ಅಮ್ಮನ ಎದೆಯಲ್ಲಿ ಕೂತಿರೋ ದೋಷಭಾವನೆಯನ್ನು ಯೇಸುವಿನ ನಾಮದಲ್ಲಿ ತೆಗೆದುಹಾಕಿರಿ. ನಮ್ಮ ನಾಲಿಗೆಯನ್ನು ಕಾಯಿರಿ, ನಮ್ಮ ಕೈಗಳಿಗೆ ಕೆಲಸ ಕೊಡಿರಿ. ನಾವು ಹಿಡಿದ ಮೂಲೆಯನ್ನು ಬಿಡದಂತೆ ಪವಿತ್ರಾತ್ಮನ ಬಲ ಕೊಡಿರಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.