ನಾಯಿಗೆ ಬೇಸಿಗೆ ಕ್ಷೌರ ಬೇಡ

ಏಪ್ರಿಲ್ ಮುಗಿಯುವ ಹೊತ್ತಿಗೆ ದೆಹಲಿಯ ದ್ವಾರಕಾ, ಮಯೂರ್ ವಿಹಾರ್, ಪಕ್ಕದ ನೋಯ್ಡಾದ ಪಾರ್ಕುಗಳಲ್ಲಿ ತಲೆಯೊಂದನ್ನು ಬಿಟ್ಟು ಮೈಯೆಲ್ಲ ಬೋಳಿಸಿದ ಪೊಮೆರೇನಿಯನ್, ಹಸ್ಕಿ, ಜರ್ಮನ್ ಶೆಫರ್ಡ್‌ಗಳು ಕಾಣತೊಡಗುತ್ತವೆ. 'ಪಾಪ, ಸೆಕೆ' ಎಂಬ ಕನಿಕರದಿಂದಲೇ ಮಾಡಿಸಿದ್ದು. ಆಗುವುದು ಮಾತ್ರ ಉಲ್ಟಾ.

ನಾಯಿ ನಮ್ಮಂತೆ ಮೈಯೆಲ್ಲ ಬೆವರಿ ತಣ್ಣಗಾಗುವ ಪ್ರಾಣಿಯಲ್ಲ. ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಉಳಿದ ಸೆಕೆಯನ್ನೆಲ್ಲ ನಾಲಿಗೆ ಚಾಚಿ ಏದುಸಿರಿನಲ್ಲೇ ಕಳೆಯಬೇಕು. ಈ ತಳಿಗಳ ಮೈಮೇಲೆ ಎರಡು ಪದರ: ಒಳಗೆ ಹತ್ತಿಯಂಥ ತುಪ್ಪಳ, ಹೊರಗೆ ಉದ್ದನೆಯ ಒರಟು ಕೂದಲು. ಬಿಸಿಲನ್ನು ಚರ್ಮಕ್ಕೆ ತಾಗಗೊಡದಿರುವುದು ಆ ಹೊರಪದರ. 2024ರ ಮೇ 29ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 46.8 ಡಿಗ್ರಿ ದಾಖಲಾಗಿತ್ತು. ಅಂಥ ಬಿಸಿಲಿಗೆ ನಮ್ಮದಕ್ಕಿಂತ ತೆಳು ಚರ್ಮವನ್ನು ಬೆತ್ತಲೆ ಮಾಡಿದರೆ ಸುಡದೆ ಇನ್ನೇನು? ಬೋಳಿಸಿದ ಮೇಲೆ ತುಪ್ಪಳ ಬೇಗ ಚಿಗುರುತ್ತದೆ, ಹೊರಗೂದಲು ತಿಂಗಳುಗಟ್ಟಲೆ ಸತಾಯಿಸುತ್ತದೆ. ಕೆಲವಕ್ಕೆ ತೇಪೆ ಹಚ್ಚಿದಂತೆ ಬರುತ್ತದೆ. ಹುಣ್ಣಿಗೆ ಔಷಧ ಹಚ್ಚಬೇಕೆಂದೋ ಗಂಟು ಬಿಡಿಸಲಾಗದೆಂದೋ ಪಶುವೈದ್ಯರು ಹೇಳಿದರೆ ಅಷ್ಟು ಜಾಗ ಮಾತ್ರ ಕತ್ತರಿಸಿ. ಪಾರ್ಲರಿನವರ ಮಾತಿಗೆ ತಲೆಯಾಡಿಸಬೇಡಿ.

ಮಾಡಬೇಕಾದ್ದು ಬಾಚುವುದು. ವಾರಕ್ಕೆ ಎರಡು ಸಲ; ತುಪ್ಪಳ ಉದುರುವ ಕಾಲದಲ್ಲಿ ದಿನಾ. ಒಂದು ಕೈಯಲ್ಲಿ ಕೂದಲನ್ನು ಮೇಲೆತ್ತಿ ಹಿಡಿದು, ಅದರಡಿಯಿಂದ ಸಾಲು ಸಾಲಾಗಿ, ಚರ್ಮದ ಬಿಳಿ ಗೆರೆ ಕಾಣುವ ತನಕ ಬಾಚಿ. ಮೇಲೆ ಮೇಲೆ ಸವರಿದರೆ ಸತ್ತ ತುಪ್ಪಳ ಒಳಗೇ ಜಡೆಗಟ್ಟುತ್ತದೆ. ಕಿವಿಯ ಹಿಂದೆ, ತೊಡೆಯ ಹಿಂಬದಿ, ಬಾಲದ ಬುಡ ಮರೆಯಬೇಡಿ.

ಸ್ನಾನ ಬಾಚಿದ ಮೇಲೆಯೇ; ನೀರು ಬಿದ್ದರೆ ಗಂಟು ಬಿಗಿಯುತ್ತದೆ. ಮೂರು-ನಾಲ್ಕು ವಾರಕ್ಕೊಮ್ಮೆ ಸಾಕು. ಮೇ ತಿಂಗಳ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ಕೈ ಸುಡುತ್ತದೆ, ಬೆಳಿಗ್ಗೆಯೇ ಮುಗಿಸಿ. ನಮ್ಮ ಶಾಂಪೂ ಬೇಡ: ಮನುಷ್ಯರ ಚರ್ಮ ಆಮ್ಲೀಯ, ನಾಯಿಯದು ತಟಸ್ಥಕ್ಕೆ ಹತ್ತಿರ. ಬುಡದವರೆಗೆ ಒಣಗಿಸಿ.

ಮಳೆ ಶುರುವಾದರೆ ಉಣ್ಣೆಹುಳುವಿನ ಕಾಟ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ, ಚಿಮಟದಿಂದ ಚರ್ಮದ ಮಟ್ಟಕ್ಕೆ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಫಿನಾಯಿಲ್ ಹಚ್ಚಲೇಬೇಡಿ. ಜ್ವರ ಬಂದು ಒಸಡು ಬಿಳಿಚಿದರೆ ಅಂದೇ ರಕ್ತಪರೀಕ್ಷೆ.

ಇನ್ನು ಊಟ. ಕೂದಲೆಂದರೆ ಪ್ರೊಟೀನು, ಬರೀ ಮೊಸರನ್ನ ಹಾಕಿ ಮೈ ಮಿರುಗಲಿ ಎಂದರಾಗದು, ಬೇಯಿಸಿದ ಮೊಟ್ಟೆಯಾದರೂ ಕೊಡಿ. ಎರಡೂ ಪಕ್ಕೆಯಲ್ಲಿ ಸಮನಾಗಿ ಕೂದಲು ಉದುರುತ್ತಿದ್ದರೆ ಎಣ್ಣೆ ತಿಕ್ಕುತ್ತ ಕೂರದೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.