ಅಲ್ಜೈಮರ್: ಪಟ್ಟಿಯಲ್ಲಿ ಹೆಸರಿಲ್ಲ, ಹಕ್ಕು ಇದೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಪಾರ್ಕಿನ್ಸನ್ಸ್ ಇದೆ, ಅಲ್ಜೈಮರ್ ಎಂಬ ಹೆಸರಿಲ್ಲ. ಅಷ್ಟಕ್ಕೇ ನಿರಾಶರಾಗಬೇಕಿಲ್ಲ. ಅದೇ ಪಟ್ಟಿಯ 'ಮಾನಸಿಕ ಅಸ್ವಸ್ಥತೆ'ಯ ವ್ಯಾಖ್ಯೆ ಓದಿ ನೋಡಿ: ನೆನಪು, ಸ್ಥಳ-ಕಾಲಗಳ ಅರಿವು ಗಂಭೀರವಾಗಿ ಕೆಟ್ಟು ದಿನನಿತ್ಯದ ಬದುಕು ನಡೆಸಲಾಗದ ಸ್ಥಿತಿಯೂ ಅದರೊಳಗೆ ಬರುತ್ತದೆ. "ಅಪ್ಪನಿಗೆ ಹುಚ್ಚು ಅಂತ ಬರೆಸಬೇಕಾ?" ಎಂದು ಮಕ್ಕಳು ನೊಂದುಕೊಳ್ಳುವುದುಂಟು. ಖಂಡಿತ ಹಾಗಲ್ಲ. ಅದು ಕಾನೂನಿನ ವಿಂಗಡಣೆ ಮಾತ್ರ. ಮುಜುಗರಕ್ಕೆ ಅಂಜಿ ಹಿರಿಯರ ಹಕ್ಕು ಬಿಟ್ಟುಕೊಡಬೇಡಿ.

ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಬಹುದು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಈ ನಾಲ್ಕನ್ನು 'ಐಡಿಯಾಸ್' ಎಂಬ ಮಾಪನದಲ್ಲಿ ಅಳೆಯುತ್ತಾರೆ. ಇಲ್ಲೊಂದು ಎಚ್ಚರ. ವೈದ್ಯರ ಮುಂದೆ ಹಿರಿಯರು ನಗುನಗುತ್ತಾ ನಮಸ್ಕರಿಸಿ, "ನನಗೇನೂ ಆಗಿಲ್ಲ" ಎಂದುಬಿಡಬಹುದು. ಸ್ನಾನಕ್ಕೆ ಯಾರು ನೆರವಾಗುತ್ತಾರೆ, ಎಷ್ಟು ಸಲ ದಾರಿ ತಪ್ಪಿದರು, ಒಲೆ ಆರಿಸದೆ ಬಿಟ್ಟದ್ದು ಯಾವಾಗ, ಎಲ್ಲವನ್ನೂ ದಿನಾಂಕ ಹಾಕಿ ಬರೆದಿಟ್ಟು ಒಯ್ಯಿರಿ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40 ವೈಕಲ್ಯ ಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಆದಾಯ ಮಿತಿಯೊಳಗಿನವರು ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು.

ಆದಾಯ ತೆರಿಗೆಯ ನಿಯಮ ಡಿಮೆನ್ಷಿಯಾವನ್ನು (ಅಲ್ಜೈಮರ್ ಅದರ ಒಂದು ಬಗೆ) ಹೆಸರಿಸಿಯೇ ಹೇಳಿದೆ. 1961ರ ಕಾಯ್ದೆಯ 80ಡಿಡಿಬಿ ಕಲಂ ಪ್ರಕಾರ, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರು ಹಿರಿಯ ನಾಗರಿಕರ ಚಿಕಿತ್ಸೆಗೆ ಮಾಡಿದ ಖರ್ಚಿನಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕಡಿತ ಪಡೆಯಬಹುದು. ಇದಕ್ಕೂ ಶೇ. 40ರ ಷರತ್ತಿದೆ, ನರರೋಗ ತಜ್ಞರ ಚೀಟಿಯೂ ಬೇಕು.

ಇವೆಲ್ಲಕ್ಕಿಂತ ತುರ್ತಿನದು ರುಜುವಿನ ವಿಷಯ. ಮನಸ್ಸಿನ ಸ್ವಾಸ್ಥ್ಯ ಹೋದ ಮೇಲೆ, ಮೊದಲೇ ಬರೆದುಕೊಟ್ಟ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕೂಡ ನಮ್ಮ ಕರಾರು ಕಾಯ್ದೆಯಡಿ ಬಿದ್ದುಹೋಗುತ್ತದೆ. ಇದು ಗೊತ್ತಿಲ್ಲದೆ ಅದನ್ನೇ ನಂಬಿ ಕೂತ ಮನೆಗಳು ಬಹಳ. ಕಾಯಿಲೆ ಪತ್ತೆಯಾದ ಹೊಸದರಲ್ಲಿ ಹಿರಿಯರಿಗೆ ಇನ್ನೂ ವಿಚಾರ ಸ್ಪಷ್ಟವಿರುತ್ತದೆ. ಉಯಿಲು, ಜಂಟಿ ಖಾತೆ, ನಾಮಿನಿಯ ಕೆಲಸ ಆಗಲೇ ಮುಗಿಯಬೇಕು, ಅವರ ಇಚ್ಛೆಯಂತೆಯೇ ಮುಗಿಯಬೇಕು. ಉಯಿಲು ಬರೆದ ದಿನ ಅವರ ತಿಳಿವಳಿಕೆ ಸರಿಯಿತ್ತೆಂಬ ವೈದ್ಯರ ಪತ್ರ ಜೊತೆಗಿದ್ದರೆ ಮುಂದಿನ ತಕರಾರಿಗೆ ಉತ್ತರ ಸಿಗುತ್ತದೆ. ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತಮ್ಮ ಪರ ಯಾರು ಮಾತಾಡಬೇಕು ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿದೆ.

ಸಂಶೋಧನೆಯೂ ಬೇಗ ಪತ್ತೆ ಹಚ್ಚುವ ಕಡೆಗೇ ಸಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದ ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸುತ್ತಿದೆ. 2023ರಲ್ಲಿ ಅಮೆರಿಕ ಪೂರ್ಣ ಒಪ್ಪಿಗೆ ಕೊಟ್ಟ ಲೆಕಾನೆಮ್ಯಾಬ್ ಔಷಧಿಯೂ ಆರಂಭದ ಹಂತದವರಿಗೆ ಮಾತ್ರ.

ರುಜುವಿನ ಸಮಯ ಮೀರಿಹೋಗಿದ್ದರೆ 2016ರ ಕಾಯ್ದೆಯ 14ನೇ ಕಲಂ ಅಡಿ ಸೀಮಿತ ಪಾಲಕರ ನೇಮಕ ಕೇಳಬಹುದು. ಆ ಪಾಲಕರು ಕೂಡ ಹಿರಿಯರೊಡನೆ ಸಮಾಲೋಚಿಸಿಯೇ ತೀರ್ಮಾನಿಸಬೇಕು. ಗೊಂದಲವಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಿ.