ಎರಡು ಗಣಕಯಂತ್ರಗಳ ನಡುವಣ ವಿಲಂಬವನ್ನು ಅಳೆಯುವ ಕ್ರಮ

ಹೆಣ್ಣೂರಿನ ಮಾರ್ಗವಾಗಿ ಬಾಗಲೂರಿನ ದಿಕ್ಕಿಗೆ ಸಾಗುವ ಬೆಂಗಳೂರಿನ ಕಮ್ಮನಹಳ್ಳಿಯವರಿಗೆ ಎದುರಾಗುವ ಕಣ್ಣೂರು, 1868ರಲ್ಲಿ ಬೆಂಗಳೂರಿನ ಆಧಾರರೇಖೆಯನ್ನು ಅಳೆದ ತ್ರಿಕೋನಮಿತಿ ಸರ್ವೇಕ್ಷಣೆಯ ಒಂದು ನೆಲೆಯಾಗಿತ್ತು. ಅದೇ ಸರ್ವೇಕ್ಷಣೆಯವರು 1870ರ ದಶಕದಲ್ಲಿ ಬೆಂಗಳೂರು, ಮದರಾಸು, ಬಳ್ಳಾರಿ, ಮಂಗಳೂರುಗಳ ರೇಖಾಂಶಾಂತರವನ್ನು ತಂತಿಯ ಸಂಕೇತಗಳಿಂದ ನಿರ್ಣಯಿಸತೊಡಗಿದಾಗ, ಸಂಕೇತವು ತಂತಿಯಲ್ಲಿ ಸಾಗಲು ತಗಲುವ ಕಾಲವು ಲೆಕ್ಕಕ್ಕೆ ಅಡ್ಡಬಂದಿತು. ಮದರಾಸಿಗೂ ಬೆಂಗಳೂರಿಗೂ ಸ್ಥಳೀಯ ಕಾಲದಲ್ಲಿರುವ ವ್ಯತ್ಯಾಸ ಸುಮಾರು ಹತ್ತೂವರೆ ನಿಮಿಷ. ಪೂರ್ವದಿಂದ ಪಶ್ಚಿಮಕ್ಕೆ ಕಳುಹಿದ ಸಂಕೇತದಲ್ಲಿ ಈ ವ್ಯತ್ಯಾಸವು ವಿಲಂಬದಷ್ಟು ಕಡಿಮೆಯಾಗಿಯೂ, ಪಶ್ಚಿಮದಿಂದ ಪೂರ್ವಕ್ಕೆ ಕಳುಹಿದುದರಲ್ಲಿ ಅಷ್ಟೇ ಹೆಚ್ಚಾಗಿಯೂ ತೋರುವುದರಿಂದ, ಎರಡರ ಸರಾಸರಿಯು ನಿಜವಾದ ಅಂತರವನ್ನೂ, ಅವೆರಡರ ನಡುವಣ ವ್ಯತ್ಯಾಸದ ಅರ್ಧವು ವಿಲಂಬವನ್ನೂ ಕೊಡುವುದು. ಇಂದು ಕಾಲೇಜಿನ ಪ್ರಯೋಗಾಲಯದಲ್ಲಾಗಲಿ, ಕಮ್ಮನಹಳ್ಳಿಯ ನೆಹರೂ ರಸ್ತೆಯ ಬಾಡಿಗೆ ಕೊಠಡಿಯಲ್ಲಾಗಲಿ ಎರಡು ಗಣಕಗಳನ್ನು ಜೋಡಿಸಿಕೊಂಡು ಕುಳಿತ ವಿದ್ಯಾರ್ಥಿಗೆ ಬೇಕಾದ ಉಪಾಯವೂ ಇದೇ.

ಮೊದಲು ವೈಫೈಯನ್ನು ನಿಲ್ಲಿಸಿ, ಎರಡು ಯಂತ್ರಗಳನ್ನೂ ಒಂದೇ ಸ್ವಿಚ್ಚಿಗೆ ಕೇಬಲ್ಲಿನಿಂದ ಕೂಡಿಸಿ, ಎರಡಕ್ಕೂ ಸ್ಥಿರವಾದ ಐಪಿ ವಿಳಾಸ ಕೊಡಬೇಕು. ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನೂ ತೆಗೆದುಹಾಕುವುದು ಲೇಸು, ಏಕೆಂದರೆ ತೂಕಡಿಸುವ ಪ್ರೊಸೆಸರು ಎಚ್ಚರಗೊಳ್ಳುವ ಕಾಲವೂ ನಮ್ಮ ಅಳತೆಯಲ್ಲಿ ಸೇರಿಕೊಳ್ಳುವುದು. ಅನಂತರ ಪಿಂಗ್ ಆಜ್ಞೆಯಿಂದ ಹೋಗಿಬರುವ ಕಾಲವನ್ನು ನೋಡಬೇಕು. ವಿಂಡೋಸು ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಎಂದಷ್ಟೇ ಹೇಳಿ ಸುಮ್ಮನಾಗುವುದರಿಂದ, ದಶಾಂಶಗಳನ್ನು ತೋರಿಸುವ ಲಿನಕ್ಸಿನಲ್ಲಿ ಇದನ್ನು ಮಾಡುವುದು ಉಚಿತ. ಸಂಕೇತವು ತಾಮ್ರದ ಕೇಬಲ್ಲಿನಲ್ಲಿ ಒಂದು ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರು ಓಡುವುದಾದ ಕಾರಣ, ನೂರು ಮೀಟರಿನ ಕೇಬಲ್ಲಿಗೂ ಅರ್ಧ ಮೈಕ್ರೋಸೆಕೆಂಡು ಸಾಕು; 1500 ಬೈಟಿನ ಒಂದು ಪ್ಯಾಕೆಟ್ಟನ್ನು ಗಿಗಾಬಿಟ್ ಜಾಲಕ್ಕೆ ಇಳಿಸಲು 12 ಮೈಕ್ರೋಸೆಕೆಂಡು ಹಿಡಿಯುವುದು. ಉಳಿದ ವಿಲಂಬವೆಲ್ಲ ಬಹುಮಟ್ಟಿಗೆ ಯಂತ್ರಗಳ ಒಳಗಿನದೇ. ಕೇಬಲ್ಲನ್ನು ಗಿಡ್ಡ ಮಾಡಿ ವಿಲಂಬವನ್ನು ಗೆಲ್ಲಲು ಹೊರಡುವವರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಒಂದು ದಿಕ್ಕಿನ ವಿಲಂಬ ಬೇಕಾದಾಗ ತೊಡಕು ಆರಂಭವಾಗುವುದು, ಏಕೆಂದರೆ ಎರಡು ಯಂತ್ರಗಳ ಗಡಿಯಾರಗಳು ಎಂದಿಗೂ ಒಂದಾಗಿರವು. ಹರಳಿನ ಆಂದೋಲನದಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲಿನ ದೋಷವಿದ್ದರೂ ದಿನವೊಂದಕ್ಕೆ 86 ಮಿಲಿಸೆಕೆಂಡು ತಪ್ಪುವುದು. ಆದುದರಿಂದ ನಾಲ್ಕು ಕಾಲಗಳನ್ನು ಗುರುತಿಸಿಕೊಳ್ಳಬೇಕು. ಮೊದಲನೆಯ ಯಂತ್ರವು ತನ್ನ ಗಡಿಯಾರದಂತೆ 100.0 ಮಿಲಿಸೆಕೆಂಡಿಗೆ ಸಂಕೇತವನ್ನು ಕಳುಹಿತೆಂದೂ, ಎರಡನೆಯದು ತನ್ನ ಗಡಿಯಾರದಂತೆ 107.2ಕ್ಕೆ ಅದನ್ನು ಪಡೆದು 107.5ಕ್ಕೆ ಮರಳಿಸಿತೆಂದೂ, ಅದು ಮೊದಲನೆಯದಕ್ಕೆ 100.7ಕ್ಕೆ ಮುಟ್ಟಿತೆಂದೂ ಇಟ್ಟುಕೊಳ್ಳೋಣ. ಒಟ್ಟು 0.7ರಲ್ಲಿ ಎರಡನೆಯ ಯಂತ್ರವು ತಡೆದಿಟ್ಟುಕೊಂಡ 0.3ನ್ನು ಕಳೆದರೆ ಹೋಗಿಬರುವ ಪಯಣದ ಕಾಲ 0.4 ಮಿಲಿಸೆಕೆಂಡು; ಅದರ ಅರ್ಧವೇ ಒಂದು ದಿಕ್ಕಿನ ವಿಲಂಬ. ಹೋಗುವಾಗ ಕಂಡ 7.2, ಬರುವಾಗ ಕಂಡ 6.8, ಇವೆರಡರ ಸರಾಸರಿಯಾದ 7 ಮಿಲಿಸೆಕೆಂಡು ಗಡಿಯಾರಗಳ ಅಂತರ. ಡೇವಿಡ್ ಮಿಲ್ಸರು ಜಾಲದ ಗಣಕಗಳ ಗಡಿಯಾರಗಳನ್ನು ಹೊಂದಿಸಲು 1985ರಲ್ಲಿ ಪ್ರಕಟಿಸಿದ ಎನ್‌ಟಿಪಿಯ ಮೂಲದಲ್ಲಿರುವುದೂ ಇಷ್ಟೇ ಗಣಿತ.

ಈ ಪ್ರಯೋಗವನ್ನು ಸಾವಿರಾರು ಬಾರಿ ನಡೆಸಿ ಕನಿಷ್ಠವನ್ನೂ ಮಧ್ಯಾಂಕವನ್ನೂ ಬರೆದಿಡಬೇಕು. ಬರಿಯ ಸರಾಸರಿಯನ್ನು ಬರೆದು ತರುವ ಪ್ರಯೋಗ ಪುಸ್ತಕಕ್ಕೆ ನಾನಾದರೆ ಅರ್ಧ ಅಂಕವನ್ನೂ ಕೊಡೆನು; ಎಲ್ಲಿಯೋ ತಡವರಿಸಿ ಬಂದ ಒಂದೆರಡು ಪ್ಯಾಕೆಟ್ಟುಗಳು ಆ ಸರಾಸರಿಯನ್ನು ಹಾಳುಗೆಡವಬಲ್ಲವು.

ಇಷ್ಟಾದರೂ ಒಂದು ದೋಷ ಉಳಿಯುವುದು. ಹೋಗುವ ದಾರಿಯ ವಿಲಂಬವೂ ಬರುವ ದಾರಿಯದೂ ಸಮವೆಂದು ನಾವು ಊಹಿಸಿದ್ದೇವೆ. ಅವು ಅಸಮವಾಗಿದ್ದರೆ ಅಸಮತೆಯ ಅರ್ಧವು ಗಡಿಯಾರಗಳ ಅಂತರದಲ್ಲಿ ಮರೆಯಾಗಿ ಕುಳಿತುಬಿಡುವುದು, ಎಷ್ಟು ಸಾವಿರ ಸಂಕೇತಗಳನ್ನು ಕಳುಹಿದರೂ ಅದು ಹೊರಬೀಳದು. ಅದನ್ನು ಹಿಡಿಯಲು ಎರಡು ಯಂತ್ರಗಳ ಸಂಕೇತಗಳನ್ನೂ ಮೂರನೆಯದೊಂದು ಗಡಿಯಾರದ ಮುಂದೆ ತರಬೇಕು, ಅಂದರೆ ಎರಡು ಚಾನೆಲ್ಲಿನ ಆಸಿಲೋಸ್ಕೋಪಿನ ಮುಂದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಹಳೆಯ ಡೆಸ್ಕ್‌ಟಾಪುಗಳು ಈ ಕೆಲಸಕ್ಕೆ ಹೊಸ ಲ್ಯಾಪ್‌ಟಾಪಿಗಿಂತ ಮೇಲು. ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು ಇರುವುದನ್ನು ಆರಿಸಿಕೊಂಡು, 7ನೆಯ ಪಿನ್ನಿಗೆ ಪ್ರೋಬನ್ನೂ 5ನೆಯದಕ್ಕೆ ಅದರ ಗ್ರೌಂಡ್ ಕ್ಲಿಪ್ಪನ್ನೂ ಸಿಕ್ಕಿಸಬೇಕು. ಗ್ರೌಂಡುಗಳು ಆಸಿಲೋಸ್ಕೋಪಿನೊಳಗೆ ಒಂದಾಗುವುದರಿಂದ ಎಲ್ಲ ಯಂತ್ರಗಳಿಗೂ ಸರಿಯಾದ ಅರ್ಥಿಂಗ್ ಇರುವ ಒಂದೇ ಪವರ್ ಬೋರ್ಡಿನಿಂದ ವಿದ್ಯುತ್ತು ಕೊಡಬೇಕು. ಮೊದಲನೆಯ ಯಂತ್ರವು ಪ್ಯಾಕೆಟ್ಟನ್ನು ಕಳುಹುವಾಗಲೇ ಪಿನ್ನನ್ನು ಮೇಲೆತ್ತಲಿ, ಎರಡನೆಯದು ಅದನ್ನು ಪಡೆದೊಡನೆ ತನ್ನದನ್ನು ಎತ್ತಲಿ. ಪರದೆಯ ಮೇಲಿನ ಎರಡು ಏರುಗಳ ನಡುವಣ ಅಂತರವೇ ಒಂದು ದಿಕ್ಕಿನ ವಿಲಂಬ. ಬಳಿಕ ದಿಕ್ಕು ಬದಲಿಸಿ ಅಳೆದರೆ ಅಸಮತೆ ಕಣ್ಣಿಗೆ ಬೀಳುವುದು.

ಈ ಅಳತೆಗೆ ಕೈಹಾಕುವ ಮುನ್ನ ಎರಡು ಪ್ರೋಬುಗಳನ್ನೂ ಒಂದೇ ಪಿನ್ನಿಗೆ ಸಿಕ್ಕಿಸಿ ಅಂತರವು ಸೊನ್ನೆಯೆಂದು ಖಚಿತಪಡಿಸಿಕೊಳ್ಳಬೇಕು. ಸೀರಿಯಲ್ ಪೋರ್ಟು ದೊರೆಯದೆ ಯುಎಸ್‌ಬಿ ಅಡಾಪ್ಟರನ್ನೇ ಆಶ್ರಯಿಸುವವರು, ಅದರ ಸಂಕೇತಗಳು ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನ ಚೌಕಟ್ಟುಗಳಿಗೆ ಕಾಯುತ್ತವೆಂಬುದನ್ನೂ, ಎಫ್‌ಟಿಡಿಐ ಚಿಪ್ಪಿನವುಗಳಲ್ಲಿ ಗಣಕಕ್ಕೆ ಬರುವ ಅಲ್ಪಸ್ವಲ್ಪ ದತ್ತವು 16 ಮಿಲಿಸೆಕೆಂಡಿನವರೆಗೆ ತಡೆಯಲ್ಪಡುವಂತೆ ಮೊದಲೇ ನಿಗದಿಯಾಗಿರುವುದೆಂಬುದನ್ನೂ ಮರೆಯದೆ, ಡ್ರೈವರಿನಲ್ಲಿ ಆ ಅಂಕಿಯನ್ನು ಒಂದಕ್ಕೆ ಇಳಿಸಿ ಮೊದಲಿನಿಂದ ಅಳೆಯತಕ್ಕದ್ದು.